ಒಂಬತ್ತು ತಿಂಗಳು ಒಂಬತ್ತು ದಿನದ ಲೆಕ್ಕ

'ಒಂಬತ್ತು ತಿಂಗಳು ಒಂಬತ್ತು ದಿನ ಹೊತ್ತು ಹೆತ್ತವಳು' ಎಂಬ ಮಾತನ್ನು ಕೇಳದ ಕನ್ನಡದ ಮನೆ ಇರಲಾರದು. ಪ್ರಾಸಕ್ಕೆ ಹುಟ್ಟಿದ ಲೆಕ್ಕದಂತೆ ಕಂಡರೂ ಇದು ಆಸ್ಪತ್ರೆಯ ಲೆಕ್ಕಕ್ಕಿಂತ ಎರಡೇ ದಿನ ಹೆಚ್ಚು. ಜರ್ಮನಿಯ ಪ್ರಸೂತಿ ವೈದ್ಯ ಫ್ರಾಂಝ್ ನೇಗೆಲೆ ಹೆಸರಿನಲ್ಲಿ ಇಂದಿಗೂ ನಡೆದುಬಂದಿರುವ ಸೂತ್ರ ಇಷ್ಟು: ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಸೇರಿಸಿ, ಮೇಲೆ ಏಳು ದಿನ ಕೂಡಿಸಿ. ಒಟ್ಟು 280 ದಿನ, ಅಂದರೆ 40 ವಾರ. ಜನವರಿ 10ಕ್ಕೆ ಮುಟ್ಟಾಗಿದ್ದವಳಿಗೆ ಹೆರಿಗೆಯ ಅಂದಾಜು ದಿನ ಅಕ್ಟೋಬರ್ 17. ಅಂದಾಜು ಎನ್ನುವುದನ್ನು ಒತ್ತಿ ಹೇಳಬೇಕು, ಸರಿಯಾಗಿ ಅದೇ ದಿನ ಹೆರುವವರು ನೂರಕ್ಕೆ ನಾಲ್ಕೈದು ಮಂದಿ.

ಈ ಲೆಕ್ಕದ ಹೊಟ್ಟೆಯಲ್ಲಿ ಎರಡು ವಾರ ಸುಮ್ಮನೆ ಸೇರಿಕೊಂಡಿವೆ. 28 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಅಂಡ ಹೊರಬೀಳುವುದು 14ನೇ ದಿನದ ಆಸುಪಾಸಿನಲ್ಲಿ, ನಮ್ಮ ಲೆಕ್ಕಕ್ಕೆ ಜನವರಿ 24ರಂದು. ಸಂಕ್ರಾಂತಿಯ ಎಳ್ಳುಬೆಲ್ಲ ಬೀರುವ ಹೊತ್ತಿಗೇ ಆಸ್ಪತ್ರೆಯ ವಾರಗಳು ಓಡತೊಡಗಿವೆ, ಅಂಡ ಮಾತ್ರ ಇನ್ನೂ ಅಂಡಾಶಯದೊಳಗೇ ಇದೆ. ಅಂಡ ಯಾವಾಗ ಬಿತ್ತೆಂದು ಯಾರಿಗೂ ಖಚಿತವಿರುವುದಿಲ್ಲ, ಮುಟ್ಟಾದ ದಿನ ನೆನಪಿರುತ್ತದೆ. ಹಾಗಾಗಿ ಎಣಿಕೆ ಅಲ್ಲಿಂದ. ಚಾಂದ್ರಮಾನದ ತಿಂಗಳು 29.53 ದಿನದ್ದು, ಅಂಥ ಒಂಬತ್ತು ತಿಂಗಳು ಸೇರಿದರೆ 266 ದಿನಕ್ಕೆ ಕೂದಲೆಳೆಯಷ್ಟು ಕಡಿಮೆ. ಜನವರಿ 24ರಿಂದ ಅಕ್ಟೋಬರ್ 17ಕ್ಕೂ 266 ದಿನವೇ. ಪಂಚಾಂಗದ ನವಮಾಸ ಮಗುವಿನ ನಿಜ ವಯಸ್ಸಿಗೆ ಹೊಂದುತ್ತದೆ, ತಾಯಿ ಕಾರ್ಡಿನ 40 ವಾರ ತಾಯಿಯ ಮುಟ್ಟಿಗೆ ಹೊಂದುತ್ತದೆ.

ಇದೇ ಜನವರಿ 10ರ ಕ್ಯಾಲೆಂಡರನ್ನು ಕೈಯಲ್ಲಿ ಹಿಡಿದು ಮುಂದೆ ಹೋಗೋಣ. 'ಎಂಟನೇ ವಾರ', 'ಮೂರನೇ ತಿಂಗಳು' ಎಂದಾಗ ಯಾವ ಗಡಿಯಾರದ ಮಾತೆಂದು ಗೊಂದಲವಾಗುತ್ತದೆ, ತಾರೀಖಿಗೆ ಆ ತೊಂದರೆಯಿಲ್ಲ. ಇನ್ನೊಂದು ಕಾರಣವೂ ಇದೆ. ನಮ್ಮ ಮನೆಗಳಲ್ಲಿ ಬಸುರಿಯ ಆರೈಕೆ ಹೊಟ್ಟೆ ಕಾಣುವ ಹೊತ್ತಿಗೆ ಶುರುವಾಗಿ ಸೀಮಂತದ ಹೊತ್ತಿಗೆ ತಾರಕಕ್ಕೇರುತ್ತದೆ. ಮಗು ಕಟ್ಟಿಕೊಳ್ಳುವ ಕೆಲಸ ಅಷ್ಟರೊಳಗೆ ಎಂದೋ ಮುಗಿದಿರುತ್ತದೆ. ತಾರೀಖು ಹಾಕಿ ನೋಡಿದಾಗ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಹೊರಬಿದ್ದ ಅಂಡಕ್ಕೆ ಆಯಸ್ಸು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಕಾಯಬಲ್ಲದು. ಇವೆರಡೂ ಕೂಡುವುದು ಗರ್ಭಕೋಶದಲ್ಲಲ್ಲ, ಅಂಡನಾಳದ ಅಗಲವಾದ ಹೊರತುದಿಯಲ್ಲಿ. ಮೊದಲ ಸೀಳು ಬೀಳಲು ಒಂದು ಹಗಲು ಒಂದು ರಾತ್ರಿಯೇ ಬೇಕು. ಎರಡನೇ ದಿನಕ್ಕೆ ನಾಲ್ಕು ಕೋಶ, ಮೂರನೇ ದಿನಕ್ಕೆ ಎಂಟು. ಕೋಶಗಳ ಸಂಖ್ಯೆ ಏರುತ್ತದೆಯೇ ಹೊರತು ಗಾತ್ರ ಬೆಳೆಯುವುದಿಲ್ಲ. ಅಂಡದ ಸುತ್ತಲಿನ ಗಟ್ಟಿ ಪೊರೆ ಹಾಗೇ ಇರುವುದರಿಂದ ಇಡೀ ಮುದ್ದೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟೇ ಇದ್ದು ಒಳಗೊಳಗೇ ತುಂಡಾಗುತ್ತಾ ಹೋಗುತ್ತದೆ. ಈ ಪೊರೆಯಿಂದ ಒಂದು ಉಪಕಾರವಿದೆ: ನಾಳದ ಗೋಡೆಗೆ ಮುದ್ದೆ ಅಂಟಿಕೊಳ್ಳದಂತೆ ಅದು ತಡೆಯುತ್ತದೆ. ನಾಳ ಹಿಂದಿನ ಸೋಂಕಿನಿಂದ ಕಟ್ಟಿಕೊಂಡಿದ್ದರೆ, ಒಳಗಿನ ರೋಮಗಳು ಕೆಟ್ಟಿದ್ದರೆ ಮುದ್ದೆ ದಾರಿಯಲ್ಲೇ ಉಳಿದು, ಪೊರೆ ಕಳಚಿದ ಮೇಲೆ ಅಲ್ಲೇ ಬೇರು ಬಿಡುತ್ತದೆ. 'ಟ್ಯೂಬಿನಲ್ಲಿ ಗರ್ಭ ನಿಂತಿದೆ' ಎನ್ನುವುದು ಇದಕ್ಕೇ. ಮುಟ್ಟು ತಪ್ಪಿ ಒಂದೆರಡು ವಾರದಲ್ಲಿ ಕೆಳಹೊಟ್ಟೆಯ ಒಂದು ಪಕ್ಕ ತೀವ್ರ ನೋವು, ತಲೆಸುತ್ತು, ಹೆಗಲ ತುದಿಯಲ್ಲಿ ನೋವು ಕಂಡರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗುವಂತಿಲ್ಲ. ಒಳಗೆ ರಕ್ತ ಸೋರುತ್ತಿದ್ದರೆ ಅದು ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಕೆರಳಿಸಿ ಹೆಗಲಲ್ಲಿ ನೋವಾಗಿ ತೋರುತ್ತದೆ. ಆಗ ಕೈಯಲ್ಲಿರುವುದು ಗಂಟೆಗಳ ಲೆಕ್ಕ.

ಐದನೇ ದಿನಕ್ಕೆ ಮುದ್ದೆಯೊಳಗೆ ನೀರು ತುಂಬಿ ಅದೊಂದು ಗುಳ್ಳೆಯಾಗುತ್ತದೆ. ಪ್ರಯೋಗಾಲಯದಲ್ಲಿ ಅಂಡ-ವೀರ್ಯಾಣು ಕೂಡಿಸುವ ಐವಿಎಫ್ ಮಾಡಿಸಿಕೊಂಡವರಿಗೆ ಅದರ ಬ್ಲಾಸ್ಟೊಸಿಸ್ಟ್ ಎಂಬ ಹೆಸರು ಪರಿಚಿತ. ಗುಳ್ಳೆಯ ಹೊರಗೋಡೆ ಮುಂದೆ ಮಾಸು (ಪ್ಲಾಸೆಂಟಾ) ಆಗುವಂಥದ್ದು, ಒಳಗೆ ಒಂದು ಮೂಲೆಗೆ ಅಂಟಿಕೊಂಡ ಹಿಡಿಯಷ್ಟು ಕೋಶಗಳೇ ಮಗು. ಗರ್ಭೋಪನಿಷತ್ತು ಒಂದು ರಾತ್ರಿಯದನ್ನು ಕಲಲವೆಂದೂ ಏಳು ರಾತ್ರಿಯದನ್ನು ಬುದ್ಬುದವೆಂದೂ ಕರೆಯುತ್ತದೆ. ಬುದ್ಬುದವೆಂದರೆ ಗುಳ್ಳೆ. ಇದನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚುವವರು ಮುಂದಿನ ಸಾಲುಗಳನ್ನು ಓದಿರುವುದಿಲ್ಲ. ಅದೇ ಪಠ್ಯದಲ್ಲಿ ಎರಡನೇ ತಿಂಗಳಿಗೆ ತಲೆ, ಮೂರನೇ ತಿಂಗಳಿಗೆ ಪಾದ, ಏಳನೇ ತಿಂಗಳಿಗೆ ಜೀವ ಸೇರುವುದು ಎಂದೂ ಇದೆ. ಸೂಕ್ಷ್ಮದರ್ಶಕವಿಲ್ಲದ ಕಾಲದವರು ಒಂದು ಕ್ರಮವನ್ನು ಊಹಿಸಿದ್ದರು ಎಂಬುದೇ ದೊಡ್ಡ ಮಾತು, ಅದಕ್ಕಿಂತ ಹೆಚ್ಚಿನದನ್ನು ಅವರ ಮೇಲೆ ಹೊರಿಸುವುದು ಬೇಡ.

ಜನವರಿ 30 ಅಥವಾ 31ಕ್ಕೆ ಗುಳ್ಳೆ ಗರ್ಭಕೋಶದ ಒಳಪದರಕ್ಕೆ ಅಂಟಿ ಕೊರೆದುಕೊಂಡು ಒಳಹೋಗತೊಡಗುತ್ತದೆ. ಪೂರ್ತಿ ಹುದುಗಲು ಇನ್ನೂ ಐದಾರು ದಿನ. ಹುದುಗುತ್ತಲೇ ಅದರ ಹೊರಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನು ಬಿಡುತ್ತವೆ. ಮುಟ್ಟನ್ನು ತಡೆಯಲು ಅಂಡಾಶಯಕ್ಕೆ ಹೋಗುವ ಸುದ್ದಿ ಅದು. ಮೆಡಿಕಲ್ ಶಾಪಿನ ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಎರಡನೇ ಗೆರೆ ಮೂಡಿಸುವುದೂ ಅದೇ. ಫೆಬ್ರವರಿ 7ಕ್ಕೆ ಮುಟ್ಟಾಗಬೇಕಿತ್ತು, ಆಗಲಿಲ್ಲ. ಒಂದು ವಾರ ಕಾದು ನೋಡುವವರೇ ಹೆಚ್ಚು.

ಮಗು ಕಟ್ಟಿಕೊಳ್ಳುವ ಮುಖ್ಯ ಕೆಲಸ ಶುರುವಾಗುವುದು ಆ ಒಂದು ವಾರದಲ್ಲೇ.

ಫೆಬ್ರವರಿ 8, ಭ್ರೂಣದ ವಯಸ್ಸು 15 ದಿನ. ಅಲ್ಲಿಯವರೆಗೆ ಎರಡು ಪದರದ ಒಂದು ಬಿಲ್ಲೆಯಾಗಿದ್ದದ್ದರ ಮೇಲೆ ಉದ್ದಕ್ಕೊಂದು ಗೆರೆ ಮೂಡುತ್ತದೆ. ಕೋಶಗಳು ಆ ಗೆರೆಯ ಕಡೆಗೆ ಹರಿದು, ಒಳಗಿಳಿದು, ಹರಡಿ ಮೂರು ಪದರವಾಗುತ್ತವೆ. ಮೇಲಿನದರಿಂದ ಚರ್ಮವೂ ಮಿದುಳು ನರಗಳೂ, ನಡುವಿನದರಿಂದ ಮೂಳೆ, ಸ್ನಾಯು, ಹೃದಯ, ಮೂತ್ರಪಿಂಡಗಳೂ, ಕೆಳಗಿನದರಿಂದ ಕರುಳು, ಯಕೃತ್ತು, ಶ್ವಾಸಕೋಶದ ಒಳಪೊರೆಯೂ ಆಗುತ್ತವೆ. ಮಗುವಿಗೆ ತಲೆ ಯಾವ ಕಡೆ, ಕಾಲು ಯಾವ ಕಡೆ, ಎಡ ಯಾವುದು, ಬಲ ಯಾವುದು ಎಂಬುದು ತೀರ್ಮಾನವಾಗುವುದು ಈ ಗೆರೆಯಿಂದ. ಒಂದೇ ಅಂಡದ ಅವಳಿಗಳು ಬೇರೆಯಾಗಲು ಇದೇ ಕೊನೆಯ ಗಡುವು. ಮೊದಲ ಮೂರು ದಿನದಲ್ಲಿ ಸೀಳಿದರೆ ಎರಡಕ್ಕೂ ಬೇರೆ ಬೇರೆ ಮಾಸು. ನಾಲ್ಕರಿಂದ ಎಂಟನೇ ದಿನದೊಳಗಾದರೆ ಮಾಸು ಒಂದೇ, ನೀರಿನ ಚೀಲ ಎರಡು. ಅದಕ್ಕೂ ತಡವಾದರೆ ಚೀಲವೂ ಒಂದೇ. 13ನೇ ದಿನ ಕಳೆದ ಮೇಲಿನ ಸೀಳು ಪೂರ್ತಿಯಾಗದೆ ಮೈ ಅಂಟಿದ ಅವಳಿಗಳು ಹುಟ್ಟುತ್ತವೆ. ಅವಳಿ ಎಂದು ಗೊತ್ತಾದ ತಕ್ಷಣ ಮಾಸು ಒಂದೋ ಎರಡೋ ಎಂದು ಕೇಳಬೇಕು, ಅದು ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣುವುದು ಮೊದಲ ಮೂರು ತಿಂಗಳಲ್ಲಿ. ಒಂದೇ ಮಾಸಿನ ಅವಳಿಗಳಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಹರಿದುಬಿಡುವ ಅಪಾಯವಿದೆ. ಅದಕ್ಕಾಗಿ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ ಕಣ್ಣಿಡುತ್ತಾರೆ.

ಮೇಲಿನ ಪದರದ ನಡುಭಾಗ ದಪ್ಪಗಾಗಿ, ಎರಡು ಅಂಚೂ ಮೇಲೆದ್ದು, ಮಡಚಿ ಕೂಡಿಕೊಂಡು ಕೊಳವೆಯಾಗುವುದು ಮುಂದಿನ ಕೆಲಸ. ಇದೇ ನರನಾಳ, ಮುಂದಿನ ಮಿದುಳು ಮತ್ತು ಬೆನ್ನುಹುರಿ. ಕರಿಗಡುಬಿಗೆ ಹೂರಣವಿಟ್ಟು ಮಡಚಿ ಅಂಚು ಒತ್ತುತ್ತಾರಲ್ಲ, ಆ ಬಗೆ. ಒತ್ತುವುದು ಕತ್ತಿನ ಭಾಗದಿಂದ ಶುರುವಾಗಿ ತಲೆಯ ಕಡೆಗೂ ಬಾಲದ ಕಡೆಗೂ ಸಾಗುತ್ತದೆ. ಫೆಬ್ರವರಿ 15ಕ್ಕೆ ಆರಂಭ, 18ಕ್ಕೆ ತಲೆಯ ತುದಿ ಮುಚ್ಚಿಕೊಳ್ಳುತ್ತದೆ, 21ರೊಳಗೆ ಕೆಳತುದಿ. ಅಷ್ಟೇ, ಒಂದೇ ವಾರ. ಮೇಲ್ತುದಿ ಕೂಡದೆ ಉಳಿದರೆ ತಲೆಬುರುಡೆಯೂ ಮಿದುಳೂ ಬೆಳೆಯುವುದಿಲ್ಲ, ಅಂಥ ಮಗು ಉಳಿಯುವುದಿಲ್ಲ. ಕೆಳತುದಿ ಕೂಡದಿದ್ದರೆ ಬೆನ್ನಿನಲ್ಲಿ ನರಗಳು ಹೊರಚಾಚಿದ ಗಡ್ಡೆ, ಕಾಲಿನಲ್ಲಿ ಬಲವಿಲ್ಲ, ಮಲಮೂತ್ರದ ಹಿಡಿತವಿಲ್ಲ, ಎಷ್ಟೋ ಮಕ್ಕಳಿಗೆ ತಲೆಯಲ್ಲಿ ನೀರು ತುಂಬಿಕೊಳ್ಳುವುದು.

ಫೋಲಿಕ್ ಆ್ಯಸಿಡ್ ಮಾತ್ರೆಯ ಕತೆ ನಿಲ್ಲುವುದು ಈ ಒಂದು ವಾರದ ಮೇಲೆ. 1928ರಲ್ಲಿ ಮುಂಬೈಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಸುರಿಯರಲ್ಲಿ, ಮುಖ್ಯವಾಗಿ ಬಟ್ಟೆ ಗಿರಣಿಯ ಬಡ ಹೆಂಗಸರಲ್ಲಿ, ಕಾಣುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಯ ಬೆನ್ನು ಹತ್ತಿದರು. ಯೀಸ್ಟಿನ ಸಾರದಲ್ಲಿ ಅದನ್ನು ಗುಣಪಡಿಸುವ ಏನೋ ಇದೆ ಎಂದು ಅವರು ತೋರಿಸಿದ್ದು 1931ರಲ್ಲಿ. ಆ 'ಏನೋ' ಅನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಎಂಬ ಹೆಸರು ಬಂತು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ತಂಡದ ಮುಖಂಡ ಭೀಮವರದ ಯಲ್ಲಾಪ್ರಗಡ ಸುಬ್ಬರಾವ್. ನರನಾಳಕ್ಕೂ ಇದಕ್ಕೂ ನಂಟು ಸಂದೇಹಕ್ಕೆಡೆಯಿಲ್ಲದೆ ಸಾಬೀತಾಗಿದ್ದು 1991ರಲ್ಲಿ. ಮೊದಲೇ ಇಂಥ ಒಂದು ಮಗು ಹೆತ್ತಿದ್ದ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟ ಬ್ರಿಟನ್ನಿನ ಅಧ್ಯಯನದಲ್ಲಿ ಮರುಕಳಿಸುವುದು ಶೇ 72ರಷ್ಟು ಇಳಿಯಿತು.

ಕೋಶ ಸೀಳುವಾಗಲೆಲ್ಲ ಹೊಸ ಡಿಎನ್ಎ ಬೇಕು, ಅದರ ತಯಾರಿಗೆ ಫೋಲೇಟ್ ಬೇಕು. ಅಂಚುಗಳು ಓಡಿ ಬಂದು ಕೂಡಬೇಕಾದ ವಾರದಲ್ಲಿ ಅದು ಕೊರತೆಯಾಗಬಾರದು. ಈಗ ಕ್ಯಾಲೆಂಡರ್ ನೋಡಿ. ನಾಳ ಮುಚ್ಚುವುದು ಫೆಬ್ರವರಿ 21ಕ್ಕೆ. ಮುಟ್ಟು ತಪ್ಪಿದ್ದು 7ಕ್ಕೆ, ಪಟ್ಟಿ ನೋಡಿದ್ದು 14ಕ್ಕೆ, 'ಇನ್ನೊಂದು ವಾರ ಬಿಟ್ಟು ಡಾಕ್ಟರ ಹತ್ತಿರ ಹೋಗೋಣ' ಎಂದುಕೊಂಡದ್ದು ತಿಂಗಳ ಕೊನೆಗೆ. ಚೀಟಿಯಲ್ಲಿ ಫೋಲಿಕ್ ಆ್ಯಸಿಡ್ ಬರೆಯುವ ಹೊತ್ತಿಗೆ ಅದು ಮಾಡಬೇಕಿದ್ದ ಮುಖ್ಯ ಕೆಲಸದ ಗಡುವು ದಾಟಿರುತ್ತದೆ. ಆ ಮೇಲೂ ಅದು ದಂಡವಲ್ಲ, ರಕ್ತಕ್ಕೆ ಬೇಕು. ಆದರೆ ಶುರು ಮಾಡಬೇಕಾಗಿದ್ದದ್ದು ಡಿಸೆಂಬರಿನಲ್ಲಿ. ಮಗು ಬೇಕೆಂದು ಯೋಚಿಸಿದ ದಿನದಿಂದಲೇ, ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ, ದಿನಕ್ಕೆ 400 ಮೈಕ್ರೋಗ್ರಾಂ. ಹಿಂದಿನ ಮಗುವಿಗೆ ಈ ದೋಷವಿದ್ದವರು, ಮೂರ್ಛೆರೋಗಕ್ಕೆ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯಿರುವವರು ವೈದ್ಯರನ್ನು ಕೇಳಿ ಹೆಚ್ಚಿನ ಪ್ರಮಾಣ ತೆಗೆದುಕೊಳ್ಳಬೇಕು. ಸೊಪ್ಪು ತಿಂದರೆ ಸಾಲದೇ ಎಂದರೆ, ಒಳ್ಳೆಯದೇ, ಆದರೆ ಸಾಲದು. ಸೊಪ್ಪಿನ ಫೋಲೇಟ್ ಬೇಯಿಸಿದ ನೀರಿಗೆ ಇಳಿಯುತ್ತದೆ, ಕುದಿಗೆ ಒಂದಷ್ಟು ನಾಶವಾಗುತ್ತದೆ. ಬೇಯಿಸಿದ ನೀರು ಚೆಲ್ಲುವವರಿಗಿಂತ ಅದನ್ನೇ ಬಸಿದು ಸಾರು ಮಾಡುವ ಮಂಡ್ಯ ಮೈಸೂರಿನ ಬಸ್ಸಾರಿನ ಮನೆಗಳು ಜಾಣತನದ ಅಡುಗೆ ಮಾಡುತ್ತವೆ. ಆದರೂ ಮಾತ್ರೆಯ ಜಾಗಕ್ಕೆ ಬಸ್ಸಾರು ಬರಲಾರದು.

ಅದೇ ವಾರ, ಫೆಬ್ರವರಿ 15ರ ಹೊತ್ತಿಗೆ, ಎರಡು ಸಣ್ಣ ಕೊಳವೆಗಳು ಕೂಡಿ ಆದ ಹೃದಯ ಮಿಡಿಯತೊಡಗುತ್ತದೆ. ಭ್ರೂಣದ ಉದ್ದ ಆಗ ಸಾಸಿವೆ ಕಾಳಿನಷ್ಟು. ಕವಾಟವಿಲ್ಲ, ನಾಲ್ಕು ಕೋಣೆಯಿಲ್ಲ, ನರದ ಆಜ್ಞೆಯೂ ಬೇಕಿಲ್ಲ. ಸ್ನಾಯುಕೋಶಗಳಿಗೆ ತಮ್ಮದೇ ಲಯವಿದೆ. ಕೊಳವೆ ಬಲಕ್ಕೆ ಬಾಗಿ ಸುತ್ತಿಕೊಂಡು, ನಡುಗೋಡೆಗಳೆದ್ದು ನಾಲ್ಕು ಕೋಣೆಯಾಗುವುದಕ್ಕೆ ಮಾರ್ಚ್ ಎರಡನೇ ವಾರದವರೆಗೂ ಹಿಡಿಯುತ್ತದೆ. ಹುಟ್ಟು ದೋಷಗಳಲ್ಲಿ ಹೃದಯದ್ದೇ ಹೆಚ್ಚು. ಇಷ್ಟು ತಿರುವು ಮುರುವಿನ ಕಟ್ಟಡ ಇನ್ನೊಂದಿಲ್ಲವಾದ್ದರಿಂದ ಅದರಲ್ಲಿ ಅಚ್ಚರಿಯೂ ಇಲ್ಲ. ತಾಯಿಯ ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಹಾನಿಯಾಗುವುದೂ ಈ ವಾರಗಳಲ್ಲೇ. ಐದನೇ ತಿಂಗಳಲ್ಲಿ ಸಕ್ಕರೆ ಇಳಿಸಿದರೆ ಮಗು ಅತಿಯಾಗಿ ದಪ್ಪಗಾಗುವುದು ತಪ್ಪಬಹುದು, ಕಟ್ಟಿ ಮುಗಿದ ಗೋಡೆ ಸರಿಹೋಗುವುದಿಲ್ಲ.

ಮೊದಲ ಸ್ಕ್ಯಾನಿನಲ್ಲಿ ಮನೆಯವರನ್ನು ಹೆದರಿಸುವ ಮಾತೊಂದಿದೆ: 'ಹಾರ್ಟ್‌ಬೀಟ್ ಬಂದಿಲ್ಲ'. ಎರಡು ಗಡಿಯಾರದ ತೊಡಕು ಇಲ್ಲಿ ಎದ್ದು ಕಾಣುತ್ತದೆ. ಆಸ್ಪತ್ರೆಯ ಲೆಕ್ಕದ ಆರನೇ ವಾರಕ್ಕೆ ಮಿಡಿತ ಕಾಣಬೇಕು, ನಿಜ. ಆದರೆ 35-40 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಅಂಡ ಬಿದ್ದದ್ದೇ ಒಂದೂವರೆ ವಾರ ತಡವಾಗಿ. ಅವಳ ಆರು ವಾರದ ಗರ್ಭ ನಿಜಕ್ಕೂ ನಾಲ್ಕೂವರೆಯದು. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಭ್ರೂಣ 7 ಮಿಲಿಮೀಟರ್ ಮುಟ್ಟಿಯೂ ಮಿಡಿತವಿಲ್ಲದಿದ್ದರೆ, ಇಲ್ಲವೇ ಚೀಲ ಸರಾಸರಿ 25 ಮಿಲಿಮೀಟರ್ ಆಗಿಯೂ ಒಳಗೆ ಭ್ರೂಣವೇ ಇಲ್ಲದಿದ್ದರೆ ಮಾತ್ರ ಗರ್ಭ ನಿಂತುಹೋಗಿದೆ ಎಂದು ಖಚಿತವಾಗಿ ಹೇಳಬಹುದು. ಅದಕ್ಕಿಂತ ಚಿಕ್ಕದಿದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ನೋಡಬೇಕು. ಆತುರಪಟ್ಟು ಅದೇ ದಿನ ತೊಳೆಸಲು ಒಪ್ಪುವುದು ತಪ್ಪು.

ಬಸಿರು ಇಳಿದುಹೋದರೆ ನಮ್ಮಲ್ಲಿ ಮೊದಲು ಹುಡುಕುವುದು ಅವಳ ತಪ್ಪನ್ನು. ಬಿಂದಿಗೆ ಎತ್ತಿದಳು, ಸ್ಕೂಟರಿನಲ್ಲಿ ಹೋದಳು, ಪರಂಗಿ ತಿಂದಳು. ಗೊತ್ತಾದ ಗರ್ಭಗಳಲ್ಲೇ ನೂರಕ್ಕೆ ಹತ್ತು ಹದಿನೈದು ಹೀಗೆ ಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್ ಸಂಖ್ಯೆಯೇ ತಪ್ಪಿರುವುದು. ಆ ತಪ್ಪು ನಡೆದದ್ದು ಜನವರಿ 24ರ ಆಸುಪಾಸಿನಲ್ಲಿ, ಹೆಚ್ಚಿನ ಸಲ ಅಂಡ ಪಕ್ವವಾಗುವಾಗಲೇ. ಹೆಣ್ಣಿನ ಅಂಡಗಳೆಲ್ಲ ಅವಳಿನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಯಾರಾಗಿ, ವಿಭಜನೆಯ ಅರ್ಧದಲ್ಲಿ ನಿಂತು, ದಶಕಗಟ್ಟಲೆ ಕಾದಿರುತ್ತವೆ. 20ನೇ ವಾರದ ಹೆಣ್ಣುಭ್ರೂಣದಲ್ಲಿ 60-70 ಲಕ್ಷ ಅಂಡಗಳಿದ್ದರೆ ಹುಟ್ಟುವ ಹೊತ್ತಿಗೆ ಹತ್ತಿಪ್ಪತ್ತು ಲಕ್ಷ. ವಯಸ್ಸು ಏರಿದಷ್ಟೂ ಆ ಅರ್ಧದಲ್ಲಿ ನಿಂತ ಕೆಲಸ ಮುಗಿಸುವಾಗ ತಪ್ಪು ಹೆಚ್ಚು. ಒಂದು ಕ್ರೋಮೋಸೋಮ್ ಹೆಚ್ಚಾಗಿ ಬರುವ ಡೌನ್ ಸಿಂಡ್ರೋಮ್‌ಗೂ ತಾಯಿಯ ವಯಸ್ಸಿಗೂ ಇರುವ ನಂಟು ಇದೇ.

ಕೈಮೊಗ್ಗು ಫೆಬ್ರವರಿ 20ರ ಸುಮಾರಿಗೆ, ಕಾಲಿನದು ಒಂದೆರಡು ದಿನ ತಡವಾಗಿ. ಆಗ ಮೈಯೆಲ್ಲ ಸೇರಿ ಮೆಂತ್ಯದ ಕಾಳಿನಷ್ಟು. ಕೈ ಮೊದಲು ದೋಣಿಯ ಚಪ್ಪಟೆ ಹುಟ್ಟಿನಂತಿದ್ದು ಬೆರಳುಗಳ ನಡುವಿನ ಕೋಶಗಳು ತಾವಾಗಿ ಸತ್ತು ಬೆರಳು ಬಿಡಿಯಾಗುತ್ತವೆ. ಸಾಯಬೇಕಾದವು ಸಾಯದಿದ್ದರೆ ಕೂಡುಬೆರಳು. ಗ್ರಹಣದಲ್ಲಿ ಹಾಗಲಕಾಯಿ ಹೆಚ್ಚಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ತಾರೀಖು ಎಷ್ಟು ನಿಷ್ಠುರ ಎಂದು ಜಗತ್ತಿಗೆ ಕಲಿಸಿದ್ದು ಥಾಲಿಡೊಮೈಡ್. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆ ಮಾತ್ರೆಯಾಗಿ ಮಾರುಕಟ್ಟೆಗೆ ಬಂದು, ಬಸುರಿಯರ ವಾಕರಿಕೆಗೂ ಕೊಡಲ್ಪಟ್ಟು, 1961ರ ಕೊನೆಗೆ ಹಿಂತೆಗೆದುಕೊಳ್ಳುವ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಅಂಗದೋಷಗಳೊಂದಿಗೆ ಹುಟ್ಟಿದ್ದರು. ಅದರ ಹಾನಿಯ ಅವಧಿ ಭ್ರೂಣದ 20ನೇ ದಿನದಿಂದ 36ನೇ ದಿನ, ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿ 13ರಿಂದ ಮಾರ್ಚ್ 1. ಶುರುವಿನಲ್ಲಿ ನುಂಗಿದವರ ಮಕ್ಕಳಿಗೆ ಕಿವಿ, ಆಮೇಲೆ ತೋಳು, ಕೊನೆಯಲ್ಲಿ ಕಾಲು. ಮಾರ್ಚ್ ಕೊನೆಗೆ ನುಂಗಿದವಳ ಮಗುವಿನ ಕೈಕಾಲಿಗೆ ಏನೂ ಆಗುತ್ತಿರಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಮೊದಲ ಎರಡು ವಾರದ ಹಾನಿ ಒಂದೋ ಭ್ರೂಣವನ್ನೇ ಕಳೆಯುತ್ತದೆ, ಇಲ್ಲವೇ ಪೂರ್ತಿ ಸರಿಹೋಗುತ್ತದೆ. ಇನ್ನೂ ಯಾವ ಕೋಶಕ್ಕೂ ಇದೇ ಕೆಲಸವೆಂದು ಗೊತ್ತಾಗಿರುವುದಿಲ್ಲ, ಸತ್ತದ್ದರ ಜಾಗವನ್ನು ಪಕ್ಕದ್ದು ತುಂಬುತ್ತದೆ. ಹಾಗಾಗಿ ಗರ್ಭ ನಿಂತದ್ದು ತಿಳಿಯದೆ ಜನವರಿ ಕೊನೆಯಲ್ಲಿ ಜ್ವರದ ಮಾತ್ರೆ ನುಂಗಿದವಳು ಗಾಬರಿಯಾಗಬೇಕಿಲ್ಲ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಮೂರ್ಛೆಗೆ ಕೊಡುವ ವಾಲ್ಪ್ರೊಯೇಟ್ ಇವುಗಳ ಮಾತೇ ಬೇರೆ, ಮದುವೆಯಾದ ಹುಡುಗಿ ಇವನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರೊಡನೆ ಮೊದಲೇ ಮಾತಾಡಬೇಕು. ಮೂರ್ಛೆಯ ಮಾತ್ರೆಯನ್ನು ಹೆದರಿ ತಾನಾಗಿ ನಿಲ್ಲಿಸುವುದು ಇನ್ನೂ ಅಪಾಯ.

ಮಾರ್ಚ್ 21ಕ್ಕೆ ಭ್ರೂಣದ ವಯಸ್ಸು 56 ದಿನ. ಉದ್ದ 3 ಸೆಂಟಿಮೀಟರ್, ಎರಡು ಬೀಜದ ಕಡಲೆಕಾಯಿಯಷ್ಟು. ಭ್ರೂಣಶಾಸ್ತ್ರಜ್ಞರು ಇಲ್ಲಿಯವರೆಗಿನ ಅವಧಿಯನ್ನು 23 ಹಂತಗಳಾಗಿ ಗುರುತಿಸಿ ಗೆರೆ ಎಳೆಯುತ್ತಾರೆ, ಅಮೆರಿಕದ ಕಾರ್ನೆಗಿ ಸಂಸ್ಥೆಯ ಸಂಗ್ರಹದ ಆಧಾರದ ಮೇಲೆ ಆದ ವಿಂಗಡಣೆ ಅದು. ಮುಖ್ಯ ಅಂಗಗಳೆಲ್ಲ ಇದ್ದಲ್ಲಿ ಇವೆ. ಕರುಳೊಂದು ಮಾತ್ರ ಅರ್ಧ ಹೊರಗಿದೆ. ಹೊಟ್ಟೆಯಲ್ಲಿ ಜಾಗ ಸಾಲದೆ ಹೊಕ್ಕುಳಬಳ್ಳಿಯೊಳಗೆ ಸರಿದು, ಅಲ್ಲೇ ಸುತ್ತಿಕೊಂಡು, ಆಸ್ಪತ್ರೆ ಲೆಕ್ಕದ 12ನೇ ವಾರಕ್ಕೆ ಒಳಗೆ ಮರಳುತ್ತದೆ. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿ 'ಕರುಳು ಹೊರಗಿದೆ' ಎಂದರೆ ಅದು ದೋಷವಲ್ಲದೆಯೂ ಇರಬಹುದು.

ಗಂಡೋ ಹೆಣ್ಣೋ ಎಂಬುದು ವೀರ್ಯಾಣುವಿನಲ್ಲೇ ತೀರ್ಮಾನವಾಗಿರುತ್ತದೆ, ಹೆತ್ತವಳ ಕೈಯಲ್ಲಿ ಏನೂ ಇಲ್ಲ. ಹೊರಗಿನ ಗುರುತು ಏಪ್ರಿಲ್‌ವರೆಗೂ ಇಬ್ಬರಿಗೂ ಒಂದೇ ಥರ. ಹುಟ್ಟುವ ಮೊದಲೇ ಗಂಡೋ ಹೆಣ್ಣೋ ಎಂದು ತಿಳಿಸುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನ್ ಯಂತ್ರವಿಟ್ಟುಕೊಂಡು ಈ ದಂಧೆ ನಡೆದದ್ದು ಬಯಲಾಯಿತು. ಬೆಲ್ಲ ಕಾಯಿಸುವ ಜಾಗ ಅದು.

ಭ್ರೂಣದ ಉದ್ದ ಅಳೆದು ಗರ್ಭದ ವಯಸ್ಸು ಹೇಳಲು ಮೊದಲ ಮೂರು ತಿಂಗಳಷ್ಟು ಒಳ್ಳೆಯ ಸಮಯ ಮತ್ತೆ ಸಿಗುವುದಿಲ್ಲ. ಈಗ ತಪ್ಪಿದರೆ ಐದಾರು ದಿನ. ಎಂಟನೇ ತಿಂಗಳ ಸ್ಕ್ಯಾನಿನಲ್ಲಿ ಎರಡು ಮೂರು ವಾರವೇ ತಪ್ಪಬಹುದು, ಅಷ್ಟರಲ್ಲಿ ಒಂದೊಂದು ಮಗು ಒಂದೊಂದು ಅಳತೆಗೆ ಬೆಳೆದಿರುತ್ತದೆ. ಪ್ರತಿ ಸ್ಕ್ಯಾನಿನಲ್ಲೂ ಹೆರಿಗೆ ದಿನ ಬದಲಾಯಿತೆಂದು ಗೊಂದಲ ಮಾಡಿಕೊಳ್ಳದೆ ಮೊದಲ ರಿಪೋರ್ಟನ್ನು ಜೋಪಾನವಾಗಿಡಬೇಕು. ಮುಂದಿನ ಎಷ್ಟೋ ತೀರ್ಮಾನಗಳು ಅದರ ಮೇಲೆ ನಿಲ್ಲುತ್ತವೆ.

ಏಪ್ರಿಲ್‌ನಿಂದ ಮುಂದಿನದು ಬೆಳವಣಿಗೆ. 12ನೇ ವಾರಕ್ಕೆ 14 ಗ್ರಾಂ ಇದ್ದದ್ದು 20ಕ್ಕೆ 300 ದಾಟುತ್ತದೆ, 28ಕ್ಕೆ ಸುಮಾರು ಒಂದು ಕಿಲೋ. ಇದೆಲ್ಲ ಬರುವುದು ಮಾಸಿನ ಮೂಲಕ. ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುತ್ತದೆ ಎಂದು ನಂಬಿದವರು ಬಹಳ. ಎರಡೂ ಬೆರೆಯುವುದಿಲ್ಲ. ತಾಯಿಯ ರಕ್ತದ ಮಡುವಿನಲ್ಲಿ ಮಗುವಿನ ರಕ್ತನಾಳಗಳು ಬೇರಿನಂತೆ ಇಳಿದಿರುತ್ತವೆ. ನಡುವಿನ ತೆಳುಪೊರೆ ಆಮ್ಲಜನಕ, ಸಕ್ಕರೆ, ಕಬ್ಬಿಣವನ್ನು ಬಿಡುತ್ತದೆ, ಮದ್ಯವನ್ನೂ ಹೆಚ್ಚಿನ ಔಷಧಗಳನ್ನೂ ಬಿಡುತ್ತದೆ. ಕೇಸರಿ ಹಾಲಿನ ಬಣ್ಣ ಮಾತ್ರ ಮಗುವಿನ ಚರ್ಮಕ್ಕೆ ಹೋಗುವುದಿಲ್ಲ.

ಕಬ್ಬಿಣದ ವಿಷಯದಲ್ಲಿ ಮಗು ಸ್ವಾರ್ಥಿ. ತಾಯಿಗೆ ಕೊರತೆಯಿದ್ದರೂ ತನ್ನ ಪಾಲು ಎಳೆದುಕೊಳ್ಳುತ್ತದೆ. ಕೇಂದ್ರದ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ. ನಾಲ್ಕನೇ ತಿಂಗಳಿಂದ ಆಶಾ ಕಾರ್ಯಕರ್ತೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ, ದಿನಕ್ಕೊಂದರಂತೆ 180 ದಿನ. ಅದನ್ನು ಕಾಫಿಯೊಂದಿಗೆ ನುಂಗಿದರೆ ಹೆಚ್ಚಿನ ಪಾಲು ಮಲಕ್ಕೆ ಹೋಯಿತು. ಕಾಫಿ ಚಹಾದಿಂದ ಒಂದು ಗಂಟೆಯಾದರೂ ದೂರವಿರಲಿ, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ ಇರಲಿ, ಜೊತೆಗೆ ನಿಂಬೆಹಣ್ಣಿನ ಪಾನಕವಿದ್ದರೆ ಲೇಸು. ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ಮಾತ್ರೆ ಬಿಡಬಾರದು.

16ನೇ ವಾರದಿಂದ ಮಗುವಿನ ಸುತ್ತಲಿನ ನೀರಿನಲ್ಲಿ ಬಹುಪಾಲು ಅದರ ಮೂತ್ರವೇ. ಕುಡಿಯುವುದೂ ಅದನ್ನೇ, ಎದೆಯೊಳಗೆ ಎಳೆದು ಬಿಡುವುದೂ ಅದನ್ನೇ. ಮೂತ್ರಪಿಂಡವಿಲ್ಲದ ಮಗುವಿಗೆ ಶ್ವಾಸಕೋಶ ಬೆಳೆಯುವುದಿಲ್ಲ ಎಂಬ ವಿಚಿತ್ರ ಸಂಗತಿಗೆ ಇದೇ ಕಾರಣ, ನೀರಿಲ್ಲದೆ ಎದೆ ಹಿಗ್ಗುವುದಿಲ್ಲ. ಸೊಂಟನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ 20ನೇ ವಾರದ ನಂತರ ಮಗುವಿನ ಮೂತ್ರ ಕುಗ್ಗಿಸಿ ನೀರು ಇಳಿಸಬಲ್ಲವು.

ಮೇ 16ರಿಂದ 30, ಆಸ್ಪತ್ರೆಯ 18ರಿಂದ 20ನೇ ವಾರ. ಮಗುವಿನ ಅಂಗದೋಷ ಹುಡುಕುವ ಅನಾಮಲಿ ಸ್ಕ್ಯಾನಿಗೆ ಇದೇ ಸಮಯ. ಮುಂಚೆ ಮಾಡಿದರೆ ಹೃದಯದ ಕೋಣೆಗಳು ಸ್ಪಷ್ಟವಾಗಿ ಕಾಣುವಷ್ಟು ದೊಡ್ಡದಿರುವುದಿಲ್ಲ. ತಡವಾದರೆ ಕಾನೂನಿನ ಗಡುವು ಹತ್ತಿರವಾಗುತ್ತದೆ: ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ, 24ರವರೆಗೆ ಗೊತ್ತುಪಡಿಸಿದ ಕೆಲವರಿಗೆ ಇಬ್ಬರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ. ಆ ಮೇಲೆ ಮಗುವಿಗೆ ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಬೇಕು. 'ಎಲ್ಲ ನಾರ್ಮಲ್' ಎಂಬ ರಿಪೋರ್ಟಿನ ಅರ್ಥ ಕಾಣಬಲ್ಲದ್ದರಲ್ಲಿ ದೋಷವಿಲ್ಲ ಎಂದಷ್ಟೇ. ಕಿವಿ ಕೇಳುತ್ತದೆಯೇ, ಬುದ್ಧಿ ಹೇಗೆ ಎಂಬುದು ಯಾವ ಯಂತ್ರಕ್ಕೂ ಕಾಣದು.

ಮಗು ಮಿಸುಕುವುದು ತಾಯಿಗೆ ತಿಳಿಯುವುದೂ ಇದೇ ಹೊತ್ತಿಗೆ, ಎರಡನೇ ಬಸಿರಿನವರಿಗೆ ಸ್ವಲ್ಪ ಮುಂಚೆ. ಕಿವಿ ಕೆಲಸ ಶುರು ಮಾಡುವುದು 24-25ನೇ ವಾರದಲ್ಲಿ. ಸುಭದ್ರೆಯ ಕತೆಯನ್ನು ಮುಂದಿಟ್ಟು ಗರ್ಭಸಂಸ್ಕಾರದ ಕೋರ್ಸು ಮಾರುವವರು ಮೂರನೇ ತಿಂಗಳಿಂದಲೇ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ, ಆಗ ಕೇಳಲು ಕಿವಿಯೇ ತಯಾರಿಲ್ಲ. ಹೊಟ್ಟೆಯ ಗೋಡೆಯನ್ನು ದಾಟುವುದು ತಗ್ಗಿನ ಸ್ವರ, ಕೀಚಲು ಸದ್ದು ಸೋಸಿಹೋಗುತ್ತದೆ. ಸೀಮಂತದ ಹಸಿರು ಬಳೆಯ ಕಿಣಿಕಿಣಿಗಿಂತ ತಾಯಿಯ ಮಾತೇ ಮಗುವಿಗೆ ಚೆನ್ನಾಗಿ ಮುಟ್ಟುತ್ತದೆ. ಅದು ಹೊರಗಿನಿಂದಲೂ ಬರುತ್ತದೆ, ಮೈಯೊಳಗಿಂದಲೂ ಬರುತ್ತದೆ.

'ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ' ಎಂಬ ಮಾತು ಹಳ್ಳಿಯಲ್ಲೂ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೆ. ಪ್ರಾಚೀನ ಗ್ರೀಕರಲ್ಲೂ ಇತ್ತು. ಶುದ್ಧ ಸುಳ್ಳು. ಒಳಗೆ ಕಳೆದ ಒಂದೊಂದು ವಾರವೂ ಉಳಿವನ್ನು ಹೆಚ್ಚಿಸುತ್ತದೆ, ಮುಖ್ಯವಾಗಿ ಶ್ವಾಸಕೋಶದ ಕಾರಣಕ್ಕೆ. ಗಾಳಿಚೀಲಗಳು ಒದ್ದೆ ಪ್ಲಾಸ್ಟಿಕ್ ಹಾಳೆಯಂತೆ ಒಂದಕ್ಕೊಂದು ಅಂಟಿಕೊಳ್ಳದಿರಲು ಒಳಗೆ ಸಾಬೂನಿನಂಥ ಒಂದು ದ್ರವ ಬೇಕು. ಅದರ ತಯಾರಿ 24ನೇ ವಾರದ ಸುಮಾರಿಗೆ ಶುರುವಾದರೂ ಸಾಕಷ್ಟಾಗುವುದು 34-35ಕ್ಕೆ. ಉಸಿರು ಸಿಗದೆ ಸಾಯುವ ಅಕಾಲ ಶಿಶುಗಳಲ್ಲಿ ಈ ದ್ರವದ ಕೊರತೆಯಿದೆ ಎಂದು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದ್ದು 1959ರಲ್ಲಿ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, ತೂಕ ಎರಡು ಕಿಲೋ ದಾಟಿದ್ದರೂ, ಎರಡು ದಿನವೂ ಬದುಕಲಿಲ್ಲ. ಅಧಿಕಾರವಿದ್ದವರ ಮನೆಯಲ್ಲೂ ಆಗ ಉಪಾಯವಿರಲಿಲ್ಲ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಪ್ರಕಟಿಸಿದ ದಾರಿ ಇಂದು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ಇದೆ: 34 ವಾರಕ್ಕೆ ಮುಂಚೆ ನೋವು ಬಂದರೆ ತಾಯಿಗೆ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, 12 ಗಂಟೆಗೊಮ್ಮೆ ನಾಲ್ಕು ಚುಚ್ಚುಮದ್ದು. ಬೆಲೆ ಅತ್ಯಲ್ಪ, ಆದರೆ ಪೂರ್ತಿ ಫಲಕ್ಕೆ ಒಂದು ದಿನವಾದರೂ ಬೇಕು. ಅಕಾಲದಲ್ಲಿ ಬಿಟ್ಟು ಬಿಟ್ಟು ಬರುವ ಹೊಟ್ಟೆ ಬಿಗಿತವನ್ನು 'ಸುಳ್ಳು ನೋವು' ಎಂದು ಮನೆಯಲ್ಲೇ ಕಾದರೆ ಆ ಒಂದು ದಿನ ಕೈಬಿಡುತ್ತದೆ.

28ನೇ ವಾರದಿಂದ ಮಿಸುಕಾಟದ ಮೇಲೆ ಗಮನವಿರಲಿ. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಿದರೆ ಎರಡು ಗಂಟೆಯೊಳಗೆ ಹತ್ತು ಸಲ ಸಿಗಬೇಕು. 'ದಿನ ತುಂಬಿತು, ಜಾಗವಿಲ್ಲ, ಅದಕ್ಕೇ ಸುಮ್ಮನಿದೆ' ಎಂಬ ಸಮಾಧಾನ ನಂಬಬಾರದು. ಕೊನೆಯಲ್ಲಿ ಒದೆತದ ಬಗೆ ಬದಲಾಗಬಹುದು, ಕಡಿಮೆಯಾಗಬಾರದು.

ಸೆಪ್ಟೆಂಬರ್ 26ಕ್ಕೆ 37 ವಾರ. 'ತಿಂಗಳು ತುಂಬಿತು' ಎಂದು ಜ್ಯೋತಿಷಿಗಳ ಮನೆಗೆ ಹೋಗುವವರಿದ್ದಾರೆ. ಹೇಗೂ ಸಿಸೇರಿಯನ್ ಎಂದಾದರೆ ಒಳ್ಳೆಯ ನಕ್ಷತ್ರ ನೋಡಿ ಮಾಡಿಸೋಣ ಎಂದು. ಮಿದುಳಿನ ತೂಕ 35ನೇ ವಾರಕ್ಕೆ ಪೂರ್ಣ ದಿನದ ಮಗುವಿನ ಮೂರನೇ ಎರಡರಷ್ಟು ಮಾತ್ರ, ಉಳಿದದ್ದು ತುಂಬಿಕೊಳ್ಳುತ್ತಿರುವುದು ಈ ವಾರಗಳಲ್ಲಿ. ನೋವು ಶುರುವಾದಾಗ ಮಗುವಿನ ಶ್ವಾಸಕೋಶ ಒಳಗಿನ ನೀರನ್ನು ಹೀರಿಕೊಳ್ಳತೊಡಗುತ್ತದೆ. ನೋವಿಲ್ಲದೆ 37ಕ್ಕೆ ಕತ್ತರಿಸಿ ತೆಗೆದ ಮಗು ಆ ನೀರಿನೊಂದಿಗೇ ಹೊರಬಂದು ಏದುಸಿರು ಬಿಡುತ್ತಾ ಐಸಿಯು ಸೇರುವ ಸಾಧ್ಯತೆ ಹೆಚ್ಚು. ತಾಯಿಗೋ ಮಗುವಿಗೋ ತೊಂದರೆಯಿಲ್ಲದಿದ್ದರೆ 39 ವಾರ, ಅಂದರೆ ಅಕ್ಟೋಬರ್ 10ರವರೆಗೆ ಕಾಯಬೇಕು. ಮೊದಲ ಸ್ಕ್ಯಾನಿನ ರಿಪೋರ್ಟು ಕಳೆದುಹೋಗಿ, ಮುಟ್ಟಿನ ದಿನ ನೆನಪಿಲ್ಲದೆ, ಎಂಟನೇ ತಿಂಗಳ ಅಳತೆಯನ್ನೇ ನಂಬಿ ಮುಹೂರ್ತ ಇಟ್ಟರೆ ಆ 37 ನಿಜದಲ್ಲಿ 35 ಆಗಿರಬಹುದು.

ಒಳಗಿದ್ದಷ್ಟು ದಿನ ಮಗುವಿನ ರಕ್ತಕ್ಕೆ ಶ್ವಾಸಕೋಶದ ದಾರಿ ಬೇಕಿರಲಿಲ್ಲ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಟಕಿ, ದೊಡ್ಡ ರಕ್ತನಾಳಗಳ ನಡುವೆ ಒಂದು ಅಡ್ಡದಾರಿ, ಇವೆರಡರಿಂದ ಕೆಲಸ ಸಾಗುತ್ತಿತ್ತು. ಮೊದಲ ಉಸಿರಿಗೆ ಶ್ವಾಸಕೋಶ ಅರಳಿ, ಅಲ್ಲಿಂದ ಮರಳುವ ರಕ್ತದ ಒತ್ತಡಕ್ಕೆ ಕಿಟಕಿಯ ಬಾಗಿಲು ಮುಚ್ಚುತ್ತದೆ. ಅಡ್ಡದಾರಿ ಒಂದೆರಡು ದಿನದಲ್ಲಿ ಕುಗ್ಗುತ್ತದೆ. ನಾಲ್ವರಲ್ಲಿ ಒಬ್ಬರಿಗೆ ಆ ಬಾಗಿಲು ಪೂರ್ತಿ ಬೆಸೆಯದೆ ಜೀವನವಿಡೀ ಹಾಗೇ ಇರುತ್ತದೆ, ಹೆಚ್ಚಿನವರಿಗೆ ಅದು ಗೊತ್ತೂ ಆಗುವುದಿಲ್ಲ. ಹೊಕ್ಕುಳಬಳ್ಳಿ ಆಗಲೂ ಮಿಡಿಯುತ್ತಿರುತ್ತದೆ. ಮಗು ಚೆನ್ನಾಗಿ ಅಳುತ್ತಿದ್ದರೆ ಕತ್ತರಿಸುವ ಮೊದಲು ಒಂದರಿಂದ ಮೂರು ನಿಮಿಷ ಕಾಯಬೇಕು. ಮಾಸಿನಲ್ಲಿ ಉಳಿದಿದ್ದ ಮಗುವಿನ ಪಾಲಿನ ರಕ್ತ ಅಷ್ಟರಲ್ಲಿ ಮಗುವಿಗೆ ಇಳಿಯುತ್ತದೆ, ಮುಂದಿನ ಕೆಲವು ತಿಂಗಳಿಗೆ ಬೇಕಾದ ಕಬ್ಬಿಣ ಅದರಲ್ಲಿದೆ. ಉಳಿದ ತುಂಡು ಒಣಗಿ ಒಂದೆರಡು ವಾರದಲ್ಲಿ ತಾನಾಗಿ ಬೀಳುತ್ತದೆ. ಅದಕ್ಕೆ ಹರಳೆಣ್ಣೆ, ಅರಿಸಿನ, ಬೂದಿ, ಪೌಡರ್ ಏನನ್ನೂ ಹಚ್ಚದೆ, ಬಟ್ಟೆಯನ್ನು ಅದರಿಂದ ಕೆಳಗೆ ಕಟ್ಟಿ, ಒಣಗಲು ಬಿಡಬೇಕು.